ಹಸಿರು ಟಿಕ್ ಬಂದಿತ್ತು, ಆದರೂ ಒಂದೇ ಯೂಸರ್‌ನೇಮ್ ಇಬ್ಬರಿಗೆ ಹೇಗೆ ಹೋಯಿತು?

ಪ್ರಶ್ನೆ: ಆಂಗ್ಯುಲರ್ ಎಂಬ ವೆಬ್ ಫ್ರೇಮ್‌ವರ್ಕ್‌ನಲ್ಲಿ ಸೈನ್‌ಅಪ್ ಫಾರ್ಮ್ ಮಾಡಿದ್ದೇನೆ. ಯೂಸರ್‌ನೇಮ್ ಟೈಪ್ ಮಾಡುವಾಗಲೇ ಅಸಿಂಕ್ ವ್ಯಾಲಿಡೇಟರ್ (ಹಿನ್ನೆಲೆಯಲ್ಲಿ ತಪಾಸಣೆ ಮಾಡುವ ಕೋಡ್) ಸರ್ವರನ್ನು ಕೇಳಿ, ಆ ಹೆಸರು ಖಾಲಿ ಇದೆಯಾ ಅಂತ ನೋಡುತ್ತದೆ. ಆದರೂ ಡೇಟಾಬೇಸ್‌ನಲ್ಲಿ ಒಂದೇ ಹೆಸರಿನ ಎರಡು ಖಾತೆ ಸಿಕ್ಕಿವೆ. ವ್ಯಾಲಿಡೇಟರ್‌ನಲ್ಲಿ ಎಲ್ಲಿ ತಪ್ಪಿದೆ?

ವ್ಯಾಲಿಡೇಟರ್‌ನಲ್ಲಿ ತಪ್ಪಿಲ್ಲ. ನಿಮ್ಮ ಟೇಬಲ್‌ನಲ್ಲಿ ಯೂನಿಕ್ ಇಂಡೆಕ್ಸ್ ಇಲ್ಲ, ಅಂದರೆ ಒಂದೇ ಹೆಸರು ಎರಡು ಸಲ ಸೇರದಂತೆ ಡೇಟಾಬೇಸೇ ತಡೆಯುವ ನಿಯಮ. ಹಾಕಿ. ಈಗಾಗಲೇ ಎರಡೆರಡಾಗಿ ನುಗ್ಗಿರುವ ಹೆಸರುಗಳನ್ನು ಮೊದಲು ಸರಿಮಾಡಬೇಕು, ಇಲ್ಲದಿದ್ದರೆ ಇಂಡೆಕ್ಸ್ ಹಾಕಲು ಡೇಟಾಬೇಸ್ ಒಪ್ಪುವುದೇ ಇಲ್ಲ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಇದೇ ಪ್ರಶ್ನೆ ಬೇರೆ ಬೇರೆ ವೆಬ್ ಫ್ರೇಮ್‌ವರ್ಕ್‌ಗಳ ವೇಷದಲ್ಲಿ ಬರುತ್ತಲೇ ಇರುತ್ತದೆ. ಒಮ್ಮೆ ರೈಲ್ಸ್ ಅಂತ, ಒಮ್ಮೆ ಜಾಂಗೋ ಅಂತ, ಒಮ್ಮೆ ಲಾರಾವೆಲ್ ಅಂತ. ಎಲ್ಲದರ ಹಿಂದೆ ಇರುವುದು ಒಂದೇ ನಂಬಿಕೆ: "ಸರ್ವರ್ ಖಾಲಿ ಇದೆ ಅಂದಮೇಲೆ ಆ ಹೆಸರು ನನ್ನದಾಯಿತು, ಅಲ್ವಾ?"

ಅಲ್ಲ. ಟಿಕೆಟ್ ಸೈಟಿನಲ್ಲಿ ಸೀಟು ಖಾಲಿ ಕಂಡರೆ ಅದು ಬುಕ್ ಆದಂತೆ ಅಲ್ಲ. ಸರ್ವರ್ ಹೇಳಿದ್ದು "ನಾನು ನೋಡಿದ ಆ ಕ್ಷಣದಲ್ಲಿ ಇರಲಿಲ್ಲ" ಅಂತ ಮಾತ್ರ. ಉತ್ತರ ನಿಮ್ಮ ಬ್ರೌಸರ್‌ಗೆ ಬಂದು ತಲುಪುವಷ್ಟರಲ್ಲೇ ಅದು ಹಳೆಯದಾಗಿರುತ್ತದೆ. ಆಮೇಲೆ ಬಳಕೆದಾರ ಪಾಸ್‌ವರ್ಡ್ ಯೋಚಿಸಿ, ಫೋಟೋ ಹುಡುಕಿ, ಸಬ್ಮಿಟ್ ಒತ್ತುವವರೆಗೆ ಎಷ್ಟು ಹೊತ್ತು ಬೇಕಾದರೂ ಆಗಬಹುದು. ಅಷ್ಟರಲ್ಲಿ ಇನ್ನೊಬ್ಬರು ಅದೇ ಹೆಸರು ಟೈಪ್ ಮಾಡಿದರೆ ಅವರಿಗೂ ಹಸಿರು ಟಿಕ್ ಬರುತ್ತದೆ. ಇಬ್ಬರಿಗೂ ಬಂದ ಉತ್ತರ ಸರಿಯೇ. ಇಬ್ಬರ ಹೆಸರೂ ಟೇಬಲ್‌ಗೆ ಹೋಗುತ್ತದೆ.

ಇಷ್ಟು ಹೇಳಿದ ಕೂಡಲೇ ಮರುಪ್ರಶ್ನೆ ಬರುತ್ತದೆ: "ಹಾಗಾದರೆ ಸಬ್ಮಿಟ್ ಆದಾಗ ಸರ್ವರ್‌ನಲ್ಲಿ ಇನ್ನೊಂದು ಸಲ ಚೆಕ್ ಮಾಡಿದರೆ ಸಾಕಲ್ವಾ?" ಚೆಕ್ ಮಾಡಲೇಬೇಕು, ಬ್ರೌಸರ್ ಕಳಿಸಿದ್ದನ್ನು ಹಾಗೇ ನಂಬುವ ಹಾಗಿಲ್ಲ. ಆದರೆ ಸಾಕಾಗುವುದಿಲ್ಲ. ಸಬ್ಮಿಟ್‌ಗಳು ಒಟ್ಟಿಗೆ ಬಂದರೆ ಎರಡೂ ಮೊದಲು ಹುಡುಕುತ್ತವೆ, ಎರಡಕ್ಕೂ ಏನೂ ಸಿಗುವುದಿಲ್ಲ, ಎರಡೂ ಸೇರಿಸುತ್ತವೆ. ಕಿಂಡಿ ನಿಮಿಷಗಳಿಂದ ಮಿಲಿಸೆಕೆಂಡುಗಳಿಗೆ ಇಳಿಯಿತು, ಮುಚ್ಚಲಿಲ್ಲ. ಸಬ್ಮಿಟ್ ಬಟನ್ ಮೇಲೆ ಎರಡು ಸಲ ಕ್ಲಿಕ್ ಮಾಡುವವರಿಗೆ ಅಷ್ಟು ಕಿಂಡಿ ಧಾರಾಳ.

ಮುಂದಿನದು ಅವೇಟ್, ಅಂದರೆ ಒಂದು ಕೆಲಸ ಮುಗಿಯುವ ತನಕ ಕೋಡನ್ನು ಕಾಯಿಸುವ ಪದ. "ಹುಡುಕುವ ಕೋಡ್ ಮುಂದೆ ಅವೇಟ್ ಹಾಕಿದ್ದೇನೆ, ಅದು ಮುಗಿದಮೇಲೇ ಸೇರಿಸುವುದು." ಅವೇಟ್ ಕಾಯಿಸುವುದು ನಿಮ್ಮ ಆ ಒಂದು ರಿಕ್ವೆಸ್ಟನ್ನು ಮಾತ್ರ. ನೀವು ಕಾಯುತ್ತಿರುವಾಗ ಪಕ್ಕದ ರಿಕ್ವೆಸ್ಟ್ ಆರಾಮಾಗಿ ಓಡುತ್ತಿರುತ್ತದೆ. ಅಸಿಂಕ್ ಮಾಡುವುದೇ ಅದಕ್ಕಾಗಿ!

ಹುಡುಕುವುದು, ಸೇರಿಸುವುದು ಎರಡನ್ನೂ ಒಂದು ಟ್ರಾನ್ಸಾಕ್ಷನ್ (ಎಲ್ಲ ಆಗಬೇಕು, ಇಲ್ಲವೇ ಯಾವುದೂ ಆಗಬಾರದು ಅನ್ನುವ ಕೆಲಸಗಳ ಗುಂಪು) ಒಳಗೆ ಇಟ್ಟರೆ? ಪೋಸ್ಟ್‌ಗ್ರೆಸ್ ಡೇಟಾಬೇಸ್ ಡಿಫಾಲ್ಟ್ ಆಗಿ ರೀಡ್ ಕಮಿಟೆಡ್ (ಕಮಿಟ್ ಮಾಡಿದ್ದನ್ನು, ಅಂದರೆ ಖಾಯಂ ಆಗಿ ಉಳಿಸಿದ್ದನ್ನು ಮಾತ್ರ ಓದುವ) ಮಟ್ಟದಲ್ಲಿ ಓಡುತ್ತದೆ. ಇನ್ನೊಂದು ಟ್ರಾನ್ಸಾಕ್ಷನ್ ಕಮಿಟ್ ಮಾಡುವ ತನಕ ಅದು ಸೇರಿಸಿದ ಸಾಲು ನಿಮಗೆ ಕಾಣುವುದೇ ಇಲ್ಲ. ಒಂದಾದಮೇಲೆ ಒಂದು ಓಡಿದಂತೆ ನಡೆಸುವ ಸೀರಿಯಲೈಸಬಲ್ ಮಟ್ಟಕ್ಕೆ ಏರಿಸಿದರೆ ಎರಡರಲ್ಲಿ ಒಂದು ಎರರ್ ಆಗಿ ಬೀಳುತ್ತದೆ, ನಿಜ. ಹೇಗೂ ಒಂದು ಎರರ್ ಹಿಡಿಯಲೇಬೇಕು ಅಂದಮೇಲೆ ಯೂನಿಕ್ ಇಂಡೆಕ್ಸ್ ಕೊಡುವ ಎರರನ್ನೇ ಹಿಡಿಯಬಹುದಲ್ಲ! ಕೋಡ್‌ನಲ್ಲಿ ಲಾಕ್ ಹಾಕಿ ಒಂದು ಸಲಕ್ಕೆ ಒಂದೇ ರಿಕ್ವೆಸ್ಟ್ ಬಿಡುತ್ತೇನೆ ಅನ್ನುವವರು, ನಾಳೆ ಎರಡನೇ ಸರ್ವರ್ ಸೇರಿಸಿದಾಗ ಆ ಲಾಕ್ ಯಾವುದರ ಮೆಮೊರಿಯಲ್ಲಿ ಇರುತ್ತದೆ ಅಂತ ಸ್ವಲ್ಪ ಯೋಚಿಸಿ. ರೈಲ್ಸ್‌ನ ದಾಖಲೆಯೇ ತನ್ನ ಯೂನಿಕ್‌ನೆಸ್ ವ್ಯಾಲಿಡೇಷನ್ ಸಾಲದು, ಡೇಟಾಬೇಸ್‌ನಲ್ಲೂ ಇಂಡೆಕ್ಸ್ ಬೇಕು ಅಂತ ಬರೆದುಕೊಂಡಿದೆ. ಯಾರೂ ಓದುವುದಿಲ್ಲ ಅಷ್ಟೇ.

ಇಂಡೆಕ್ಸ್ ಹಾಕಿದ ಮೇಲೆ ಕೆಲಸ ಸರಳ. ಸೋತ ರಿಕ್ವೆಸ್ಟ್‌ಗೆ ಪೋಸ್ಟ್‌ಗ್ರೆಸ್ 23505 ಎಂಬ ಎರರ್ ಕೋಡ್ ಕೊಡುತ್ತದೆ, ಮೈಎಸ್‌ಕ್ಯೂಎಲ್ ಡೇಟಾಬೇಸ್ ಆದರೆ 1062. ಅದನ್ನು ಹಿಡಿದು ಬ್ರೌಸರ್‌ಗೆ ಎಚ್‌ಟಿಟಿಪಿ 409 (ಘರ್ಷಣೆ ಆಗಿದೆ ಅನ್ನುವ ಉತ್ತರ) ಕಳಿಸಿ. ಫಾರ್ಮ್ ಕಡೆ ಆಂಗ್ಯುಲರ್‌ನ ಸೆಟ್‌ಎರರ್ಸ್ ಬಳಸಿ ಅದೇ ಬಾಕ್ಸ್ ಕೆಳಗೆ "ಈ ಹೆಸರು ಈಗಷ್ಟೇ ಹೋಯಿತು" ಅಂತ ತೋರಿಸಿ. ಬಳಕೆದಾರ ಹೆಸರು ತಿದ್ದಿದ ಕೂಡಲೇ ಆ ಎರರ್ ತಾನೇ ಹೋಗುತ್ತದೆ. ಒಂದು ಎಚ್ಚರಿಕೆ: ಪೋಸ್ಟ್‌ಗ್ರೆಸ್‌ನ ಸಾಮಾನ್ಯ ಯೂನಿಕ್ ಇಂಡೆಕ್ಸ್‌ಗೆ ಇಂಗ್ಲಿಷ್‌ನ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ. ಎರಡೂ ಒಂದೇ ಆಗಬೇಕಿದ್ದರೆ ಎಲ್ಲವನ್ನೂ ಚಿಕ್ಕಕ್ಷರ ಮಾಡುವ ಲೋವರ್ ಫಂಕ್ಷನ್ ಮೇಲೆ ಇಂಡೆಕ್ಸ್ ಕಟ್ಟಿ.

ಹಾಗಾದರೆ ಅಸಿಂಕ್ ವ್ಯಾಲಿಡೇಟರ್ ಯಾಕೆ ಬೇಕು? ಬಳಕೆದಾರ ಇಡೀ ಫಾರ್ಮ್ ತುಂಬಿಸಿದ ಮೇಲೆ "ಹೆಸರು ಸಿಗಲ್ಲ" ಅನ್ನುವ ಬದಲು ಮೊದಲೇ ಹೇಳುವ ಸೌಜನ್ಯಕ್ಕೆ. ಅಷ್ಟೇ ಅದರ ಕೆಲಸ. ಹಾಗಾಗಿ ನೆಟ್‌ವರ್ಕ್ ಕೈಕೊಟ್ಟರೆ ಎರರ್ ಹಿಡಿದು ನಲ್ (ಅಂದರೆ ತಪ್ಪೇನಿಲ್ಲ) ಕೊಟ್ಟುಬಿಡಿ, ಫಾರ್ಮ್ ತಡೆಯಬೇಡಿ. ಕೊನೆಯ ತೀರ್ಮಾನ ಹೇಗೂ ಡೇಟಾಬೇಸ್‌ನದು.

ಆಂಗ್ಯುಲರ್‌ನಲ್ಲಿ ಸಿಂಕ್ ವ್ಯಾಲಿಡೇಟರ್‌ಗಳು (ಸರ್ವರನ್ನು ಕೇಳದೆ ಕೂಡಲೇ ನೋಡುವಂಥವು) ಪಾಸ್ ಆದರೆ ಮಾತ್ರ ಅಸಿಂಕ್ ಓಡುತ್ತದೆ. ಆದ್ದರಿಂದ ಉದ್ದ, ಅಕ್ಷರಗಳ ನಿಯಮವನ್ನೆಲ್ಲ ಸಿಂಕ್‌ನಲ್ಲೇ ಇಡಿ, ಸುಮ್ನೆ ಸರ್ವರ್‌ಗೆ ಹೊರೆ ಬೇಡ. ಒಂದೊಂದು ಅಕ್ಷರಕ್ಕೂ ಕರೆ ಹೋಗದಂತೆ ವ್ಯಾಲಿಡೇಟರ್ ಒಳಗೆ 300 ಮಿಲಿಸೆಕೆಂಡಿನ ಟೈಮರ್ ಇಟ್ಟು, ಅದು ಮುಗಿದಮೇಲೆ ಸ್ವಿಚ್‌ಮ್ಯಾಪ್ ಮೂಲಕ ಸರ್ವರ್‌ಗೆ ಕರೆ ಮಾಡಿ. ಹೊಸ ಅಕ್ಷರ ಬಿದ್ದಾಗ ಹಳೆಯ ಕರೆಯನ್ನು ಆಂಗ್ಯುಲರ್ ತಾನೇ ಕೈಬಿಡುತ್ತದೆ. ನೀವು ಕೊಡುವ ಅಬ್ಸರ್ವಬಲ್ (ಮುಂದೆ ಬರುವ ಉತ್ತರಗಳ ಹರಿವು) ಮುಗಿಯುವಂಥದ್ದಾಗಿರಬೇಕು, ಇಲ್ಲದಿದ್ದರೆ ಫಾರ್ಮ್ ಪೆಂಡಿಂಗ್‌ನಲ್ಲೇ (ಉತ್ತರಕ್ಕೆ ಕಾಯುವ ಸ್ಥಿತಿಯಲ್ಲೇ) ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಮಜಾ ಇದೆ: ಪೆಂಡಿಂಗ್ ಇರುವಾಗ ವ್ಯಾಲಿಡ್ ಕೂಡ ಫಾಲ್ಸ್, ಇನ್‌ವ್ಯಾಲಿಡ್ ಕೂಡ ಫಾಲ್ಸ್. ಇನ್‌ವ್ಯಾಲಿಡ್ ಆದಾಗ ಮಾತ್ರ ಬಟನ್ ಮುಚ್ಚುವ ಕೋಡ್ ಬರೆದಿದ್ದರೆ, ಉತ್ತರ ಬರುವ ಮುಂಚೆಯೇ ಬಟನ್ ತೆರೆದಿರುತ್ತದೆ. ವ್ಯಾಲಿಡ್ ಅಲ್ಲದಿದ್ದಾಗ ಮುಚ್ಚಿ.

ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಇದೇ ವ್ಯಾಲಿಡೇಟರನ್ನು ಇಮೇಲ್ ಬಾಕ್ಸ್‌ಗೂ ಅಂಟಿಸಿದ್ದೀರಾ? ಹಾಗಿದ್ದರೆ ಯಾರು ಬೇಕಾದರೂ, ಲಾಗಿನ್ ಕೂಡ ಇಲ್ಲದೆ, ಯಾವ ಇಮೇಲ್‌ಗೆ ನಿಮ್ಮಲ್ಲಿ ಖಾತೆ ಇದೆ ಅಂತ ಒಂದೊಂದಾಗಿ ಕೇಳಿ ತಿಳಿದುಕೊಳ್ಳಬಹುದು. ಬೇರೆಲ್ಲೋ ಸೋರಿದ ಇಮೇಲ್ ಪಟ್ಟಿ ಕೈಯಲ್ಲಿರುವವರಿಗೆ ಇದು ಹಬ್ಬ. ಇಮೇಲ್‌ನಿಂದ ಅಸಿಂಕ್ ಚೆಕ್ ತೆಗೆದುಬಿಡಿ. ಸಬ್ಮಿಟ್ ಆದಮೇಲೆ ಎಲ್ಲರಿಗೂ "ನಿಮ್ಮ ಇನ್‌ಬಾಕ್ಸ್ ನೋಡಿ" ಎಂಬ ಒಂದೇ ಸಂದೇಶ ತೋರಿಸಿ. ಖಾತೆ ಮೊದಲೇ ಇದ್ದರೆ ಹಾಗಂತ ಆ ಮೇಲ್‌ನಲ್ಲಿ ಬರೆಯಿರಿ, ಅದನ್ನು ಓದುವುದು ಆ ಇನ್‌ಬಾಕ್ಸ್ ಯಾರದೋ ಅವರು ಮಾತ್ರ. ಯೂಸರ್‌ನೇಮ್ ಪ್ರೊಫೈಲ್ ಪುಟದಲ್ಲಿ ಎಲ್ಲರಿಗೂ ಕಾಣುವಂಥದ್ದಾದರೆ ಅಷ್ಟು ಚಿಂತೆಯಿಲ್ಲ. ಆದರೆ ಹೆಸರು ಚೆಕ್ ಮಾಡುವ ಸರ್ವರ್ ವಿಳಾಸಕ್ಕೆ (ಎಂಡ್‌ಪಾಯಿಂಟ್‌ಗೆ) ರೇಟ್ ಲಿಮಿಟ್ ಹಾಕಿ, ಅಂದರೆ ಇಷ್ಟು ಹೊತ್ತಿಗೆ ಇಷ್ಟೇ ಸಲ ಕೇಳಬಹುದು ಅಂತ.