ಊರಿನ ಪೇಪರ್ ಎಲ್ಲಿ ಹೋಯ್ತು? ಆಸ್ಟ್ರೇಲಿಯಾದ ಸುದ್ದಿ ಜಗಳದ ಹಿಂದಿನ ಕಥೆ

2021ರ ಫೆಬ್ರವರಿ 18, ಗುರುವಾರ. ನಮ್ಮಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ, ಮೆಲ್ಬರ್ನ್‌ನಲ್ಲಿರುವ ಮಗಳ ಫೋನ್ ಬಂತು. "ಅಪ್ಪಾ, ಫೇಸ್‌ಬುಕ್‌ನಲ್ಲಿ ಒಂದೂ ಸುದ್ದಿ ಇಲ್ಲ. ಪೇಪರ್‌ನವರ ಪೇಜ್ ಎಲ್ಲಾ ಖಾಲಿ" ಅಂದಳು. ಒಂದು ಫೋಟೋ ಕಳಿಸಿದಳು. ಅದು ಪೇಪರಿನ ಪೇಜ್ ಆಗಿರಲಿಲ್ಲ, ಅಲ್ಲಿನ ಹವಾಮಾನ ಇಲಾಖೆಯ ಪೇಜ್. ಮೇಲೆ ಇಲಾಖೆಯ ಹೆಸರಿತ್ತು, ಕೆಳಗೆ ಏನೂ ಇರಲಿಲ್ಲ. ಕ್ವೀನ್ಸ್‌ಲ್ಯಾಂಡ್ ಮತ್ತು ಸೌತ್ ಆಸ್ಟ್ರೇಲಿಯಾದ ಆರೋಗ್ಯ ಇಲಾಖೆಗಳ ಪೇಜುಗಳದ್ದೂ ಅದೇ ಕಥೆ. ಕೋವಿಡ್ ಲಸಿಕೆ ಶುರುವಾಗೋಕೆ ನಾಲ್ಕೇ ದಿನ ಬಾಕಿ ಇತ್ತು.

ಸುದ್ದಿ ತೋರಿಸುವ ದೊಡ್ಡ ಕಂಪನಿಗಳು ಸುದ್ದಿ ಬರೆಯುವವರಿಗೆ ದುಡ್ಡು ಕೊಡಬೇಕು ಎಂಬ ಕಾನೂನು ಆಗ ಕ್ಯಾನ್‌ಬೆರಾದ ಸಂಸತ್ತಿನಲ್ಲಿತ್ತು. ಅದಕ್ಕೆ ಫೇಸ್‌ಬುಕ್ ಕೊಟ್ಟ ಉತ್ತರ ಇದು. ಆಮೇಲೆ ಜಗಳ ಮುಗಿದಂತೆ ಕಂಡಿತು, ಮತ್ತೆ ಎದ್ದಿತು. ಈಗ ಯಾರನ್ನಾದರೂ ಕೇಳಿದರೆ ಒಬ್ಬೊಬ್ಬರು ಒಂದೊಂದು ಕಡೆಯಿಂದ ಕಥೆ ಶುರು ಮಾಡುತ್ತಾರೆ. ನಲವತ್ತು ವರ್ಷ ಸುದ್ದಿಮನೆಯಲ್ಲಿ ಕೂತವನು ನಾನು. ಮಗಳ ಮನೆಗೆ ಹೋದಾಗೆಲ್ಲ ಆ ದೇಶದ ಸಣ್ಣ ಊರುಗಳನ್ನು ಸುತ್ತಿ ಬಂದಿದ್ದೇನೆ. ನನಗೆ ಕಂಡ ಕಡೆಯಿಂದ ಇದನ್ನು ಬಿಡಿಸಿ ಹೇಳುತ್ತೇನೆ.

1803ರಲ್ಲಿ ಸಿಡ್ನಿಯಲ್ಲಿ ಮೊದಲ ಪತ್ರಿಕೆ ಬಂತು. 1932ರಲ್ಲಿ ಸಾರ್ವಜನಿಕ ರೇಡಿಯೋ ಎಬಿಸಿ, 1956ರಲ್ಲಿ ಟಿವಿ. ಅಷ್ಟು ಹೊತ್ತಿಗೆ ಪೇಪರು, ರೇಡಿಯೋ, ಟಿವಿ ಮೂರೂ ಹೆಚ್ಚುಕಮ್ಮಿ ಬೆರಳೆಣಿಕೆಯ ಮನೆತನಗಳ ಕೈಯಲ್ಲಿದ್ದವು. ದೊಡ್ಡ ಅಲುಗಾಟ ಆಗಿದ್ದು 1987ರಲ್ಲಿ. ಆಗ ಖಜಾನೆ ಸಚಿವರಾಗಿದ್ದ ಪಾಲ್ ಕೀಟಿಂಗ್ ಹೊಸ ನಿಯಮ ತಂದರು: ಒಂದು ನಗರದಲ್ಲಿ ಒಬ್ಬ ಮಾಲೀಕನಿಗೆ ಪೇಪರ್ ಇರಬಹುದು, ಇಲ್ಲವೇ ಟಿವಿ. ಎರಡೂ ಇಲ್ಲ. ಎಲ್ಲವೂ ಒಬ್ಬರ ಕೈಗೆ ಹೋಗಬಾರದು ಅನ್ನೋದು ಅದರ ಆಸೆ.

ಆದರೆ ಆ ವರ್ಷ ನಡೆದದ್ದು ಮಾರಾಟದ ಸಂತೆ. ರೂಪರ್ಟ್ ಮರ್ಡಾಕ್ ಅವರ ಕಂಪನಿ ನ್ಯೂಸ್ ಕಾರ್ಪ್, ಹೆರಾಲ್ಡ್ ಅಂಡ್ ವೀಕ್ಲಿ ಟೈಮ್ಸ್ ಎಂಬ ಪತ್ರಿಕಾ ಗುಂಪನ್ನು ಕೊಂಡಿತು. ಕೆರಿ ಪ್ಯಾಕರ್ ತಮ್ಮ ನೈನ್ ಟಿವಿಯನ್ನು ಉದ್ಯಮಿ ಅಲನ್ ಬಾಂಡ್‌ಗೆ ನೂರು ಕೋಟಿ ಡಾಲರಿಗೂ ಜಾಸ್ತಿಗೆ ಮಾರಿದರು. ಪತ್ರಿಕೆ ನಡೆಸುತ್ತಿದ್ದ ಫೇರ್‌ಫ್ಯಾಕ್ಸ್ ಮನೆತನದ ಕಿರಿಯ ಕುಡಿ ಸಾಲ ಮಾಡಿ ತಮ್ಮದೇ ಕಂಪನಿಯನ್ನು ಪೂರ್ತಿ ಕೊಳ್ಳಲು ಹೋದರು. 1990ರ ಕೊನೆಗೆ ಕಂಪನಿ ಸಾಲ ಕೊಟ್ಟವರ ಪಾಲಾಯಿತು. ಸಂಜೆ ಪತ್ರಿಕೆಗಳು ಒಂದೊಂದಾಗಿ ನಿಂತವು. ಸಿಡ್ನಿಯ ಸನ್, ಬ್ರಿಸ್ಬೇನ್‌ನ ಟೆಲಿಗ್ರಾಫ್ 1988ರಲ್ಲಿ, ಅಡಿಲೇಡ್‌ನ ನ್ಯೂಸ್ 1992ರಲ್ಲಿ.

ಆದರೂ ಬೆಳಗಿನ ಪೇಪರುಗಳು ದುಡ್ಡು ಮಾಡುತ್ತಿದ್ದವು. ಫೇರ್‌ಫ್ಯಾಕ್ಸ್‌ನ ಸಿಡ್ನಿ ಮಾರ್ನಿಂಗ್ ಹೆರಾಲ್ಡ್, ಮೆಲ್ಬರ್ನ್‌ನ ದಿ ಏಜ್, ಎರಡರಲ್ಲೂ ಶನಿವಾರ ಪುಟಗಟ್ಟಲೆ ವರ್ಗೀಕೃತ ಜಾಹೀರಾತು. ಮನೆ ಬಾಡಿಗೆಗೆ ಇದೆ, ಕಾರು ಮಾರಾಟಕ್ಕಿದೆ, ಕೆಲಸ ಖಾಲಿ ಇದೆ. ಆ ಆದಾಯಕ್ಕೆ ಅಲ್ಲಿನವರು ಚಿನ್ನದ ಹೊಳೆ ಅನ್ನುತ್ತಿದ್ದರು. ತನಿಖಾ ವರದಿಗಾರನ ಸಂಬಳ ಬರುತ್ತಿದ್ದದ್ದು ಹಳೇ ಕಾರು ಮಾರುವವನ ಮೂರು ಸಾಲಿನಿಂದ. ಪೇಪರಿನಲ್ಲಿ ದುಡಿದವರಿಗೆ ಇದು ಗೊತ್ತು, ಓದುಗರಿಗೆ ನಾವು ಯಾವತ್ತೂ ಸರಿಯಾಗಿ ಹೇಳಲಿಲ್ಲ.

ಆ ಹೊಳೆ ತಿರುಗಿದ್ದು ಫೇಸ್‌ಬುಕ್ ಹುಟ್ಟುವ ಮೊದಲೇ. ಮನೆಗೆ ರಿಯಲ್‌ಎಸ್ಟೇಟ್ ಡಾಟ್ ಕಾಮ್ ಡಾಟ್ ಎಯು, ಕೆಲಸಕ್ಕೆ ಸೀಕ್, ಕಾರಿಗೆ ಕಾರ್‌ಸೇಲ್ಸ್ ಬಂದದ್ದು 1990ರ ದಶಕದಲ್ಲಿ. 2012ರ ಜೂನ್‌ನಲ್ಲಿ ಫೇರ್‌ಫ್ಯಾಕ್ಸ್ ಒಂದೇ ಏಟಿಗೆ 1,900 ಕೆಲಸ ಕಡಿತ ಮಾಡುವುದಾಗಿ ಹೇಳಿತು. ಹಾಗಾಗಿ "ಗೂಗಲ್, ಫೇಸ್‌ಬುಕ್ ಬಂದು ಪೇಪರ್ ಸತ್ತಿತು" ಅನ್ನುವುದು ಅರ್ಧ ಮಾತ್ರ ನಿಜ. ಇನ್ನರ್ಧ ನಮ್ಮ ಕಸುಬಿನೊಳಗೇ ಇದೆ.

2017ರಲ್ಲಿ ಕೀಟಿಂಗ್ ಕಾಲದ ನಿಯಮಗಳನ್ನು ಸಂಸತ್ತು ತೆಗೆದುಹಾಕಿತು. ಅದರ ಮರುವರ್ಷವೇ ಫೇರ್‌ಫ್ಯಾಕ್ಸ್ ಅನ್ನು ನೈನ್ ಟಿವಿ ಸೇರಿಸಿಕೊಂಡಿತು. 1841ರಿಂದ ಇದ್ದ ಹೆಸರು ಹೋಯಿತು. ಆ ನಿಯಮಗಳನ್ನು ತೆಗೆಯುವ ಮಸೂದೆಗೆ ಸಣ್ಣ ಪಕ್ಷಗಳ ಮತ ಬೇಕಿತ್ತು, ಅದಕ್ಕಾಗಿ ಸರ್ಕಾರ ಹಲವು ಕೆಲಸ ಒಪ್ಪಿಕೊಂಡಿತ್ತು. ಅದರಲ್ಲಿ ಒಂದು, ಗೂಗಲ್ ಮತ್ತು ಫೇಸ್‌ಬುಕ್ ಬಗ್ಗೆ ತನಿಖೆ. ಅದನ್ನು ವಹಿಸಿದ್ದು ಎಸಿಸಿಸಿ ಎಂಬ ಸ್ಪರ್ಧಾ ಆಯೋಗಕ್ಕೆ. ಆಗ ಅದರ ಅಧ್ಯಕ್ಷರಾಗಿದ್ದವರು ರಾಡ್ ಸಿಮ್ಸ್.

ಆಯೋಗದ ವರದಿ 2019ರಲ್ಲಿ ಬಂತು. ಎಲ್ಲರೂ ಅದರಲ್ಲಿನ ಜಾಹೀರಾತಿನ ಲೆಕ್ಕ ಹಿಡಿದರು. ಆ ಲೆಕ್ಕವನ್ನು ಆಯೋಗ ಮುಂದೆ ಹೊಸದು ಮಾಡಿತು: ಆನ್‌ಲೈನ್ ಜಾಹೀರಾತಿಗೆ ಖರ್ಚಾಗುವ 100 ಡಾಲರಿನಲ್ಲಿ 53 ಗೂಗಲ್‌ಗೆ, 28 ಫೇಸ್‌ಬುಕ್‌ಗೆ, ಉಳಿದ 19 ಬೇರೆ ಎಲ್ಲರಿಗೂ ಸೇರಿ. ಸರಿ, ದೊಡ್ಡ ಅಂಕಿ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಅಂಕಿ. 2008ರಿಂದ 2018ರ ನಡುವೆ 106 ಸ್ಥಳೀಯ ಪತ್ರಿಕೆಗಳು ಮುಚ್ಚಿದ್ದವು. 21 ಸ್ಥಳೀಯ ಆಡಳಿತ ಪ್ರದೇಶಗಳಲ್ಲಿ ಒಂದೇ ಒಂದು ಊರಪತ್ರಿಕೆಯೂ ಉಳಿದಿರಲಿಲ್ಲ. ಅಂದರೆ ನಗರಸಭೆ ಇದೆ, ತೆರಿಗೆ ಇದೆ, ಟೆಂಡರ್ ಇದೆ, ನೋಡಿ ಬರೆಯುವವರು ಯಾರೂ ಇಲ್ಲ.

2020ರ ಕೋವಿಡ್ ವರ್ಷ ಇದನ್ನು ಪೂರ್ತಿ ಮಾಡಿತು. ಮಾರ್ಚ್‌ನಲ್ಲಿ, ಎಲ್ಲ ಪತ್ರಿಕೆಗಳಿಗೂ ಸುದ್ದಿ ಕೊಡುತ್ತಿದ್ದ ಎಎಪಿ ಸುದ್ದಿಸಂಸ್ಥೆ ಮುಚ್ಚುತ್ತೇನೆ ಅಂದಿತು. ದಾನಿಗಳು ಕೈಹಿಡಿದು ಅದನ್ನು ಉಳಿಸಿಕೊಂಡರು. ಮೇ 28ರಂದು ನ್ಯೂಸ್ ಕಾರ್ಪ್ ತನ್ನ 112 ಪ್ರಾದೇಶಿಕ ಮತ್ತು ಬಡಾವಣೆ ಪತ್ರಿಕೆಗಳ ಮುದ್ರಣ ನಿಲ್ಲಿಸುವುದಾಗಿ ಹೇಳಿತು. 76 ಪತ್ರಿಕೆ ಬರೀ ಡಿಜಿಟಲ್, 36 ಪೂರ್ತಿ ಬಂದ್. ರಾಕ್‌ಹ್ಯಾಂಪ್ಟನ್‌ನ ಮಾರ್ನಿಂಗ್ ಬುಲೆಟಿನ್ 1861ರಿಂದ ಬರುತ್ತಿತ್ತು. ಅದೂ ಕಾಗದ ಬಿಟ್ಟಿತು.

ಆ ಬಿಸಿಯಲ್ಲೇ ಬಂದದ್ದು ಬಾರ್ಗೇನಿಂಗ್ ಕೋಡ್, ಚೌಕಾಸಿಯ ಕಾನೂನು. ಅದು ಕೆಲಸ ಮಾಡುವ ರೀತಿ ಹೀಗೆ. ಪತ್ರಿಕೆ ಮತ್ತು ಟೆಕ್ ಕಂಪನಿ ಮೊದಲು ಕೂತು ಮಾತಾಡಬೇಕು. ಬಗೆಹರಿಯದಿದ್ದರೆ ಪಂಚಾಯ್ತಿ. ಎರಡೂ ಕಡೆಯವರು ತಮ್ಮ ಕೊನೇ ಬೆಲೆ ಬರೆದು ಕೊಡಬೇಕು. ಪಂಚ ಎರಡರಲ್ಲಿ ಒಂದನ್ನು ಆರಿಸುತ್ತಾನೆ. ನಡುವಿನ ಬೆಲೆ ಹೇಳುವಂತಿಲ್ಲ. ಹಾಗಾಗಿ ಯಾರೂ ಹುಚ್ಚು ಬೆಲೆ ಹೇಳೋಕೆ ಹೋಗುವುದಿಲ್ಲ. ಆದರೆ ಇದೆಲ್ಲ ಅನ್ವಯ ಆಗಬೇಕಾದರೆ ಮೊದಲು ಖಜಾನೆ ಸಚಿವರು "ಈ ಕಂಪನಿ ಕೋಡಿನೊಳಗೆ ಬರುತ್ತದೆ" ಎಂದು ಹೆಸರಿಸಬೇಕು.

2021ರ ಜನವರಿಯಲ್ಲಿ ಗೂಗಲ್, ಕಾನೂನು ಹೀಗೇ ಬಂದರೆ ಆಸ್ಟ್ರೇಲಿಯಾದಲ್ಲಿ ಸರ್ಚ್ ನಿಲ್ಲಿಸಬೇಕಾಗುತ್ತದೆ ಎಂದಿತು. ಮುಂದಿನ ತಿಂಗಳೇ ದೊಡ್ಡ ಪ್ರಕಾಶಕರ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು. ಫೇಸ್‌ಬುಕ್ ಬೇರೆ ದಾರಿ ಹಿಡಿಯಿತು, ನನ್ನ ಮಗಳು ಆವತ್ತು ಕಂಡದ್ದು ಅದನ್ನೇ. ಐದು ದಿನ ಖಜಾನೆ ಸಚಿವ ಜಾಶ್ ಫ್ರೈಡನ್‌ಬರ್ಗ್ ಮತ್ತು ಕಂಪನಿಯ ನಡುವೆ ಮಾತು ನಡೆಯಿತು. ಕಂಪನಿ ತಾನಾಗಿ ಮಾಡಿಕೊಂಡ ಒಪ್ಪಂದಗಳನ್ನೂ ನೋಡಿ ಆಮೇಲೆ ಹೆಸರಿಸುವ ಮಾತು ಎಂಬ ತಿದ್ದುಪಡಿ ಬಂತು. ಪೇಜುಗಳನ್ನು ವಾಪಸ್ ತರಲು ಕಂಪನಿ ಒಪ್ಪಿತು. ಫೆಬ್ರವರಿ 25ಕ್ಕೆ ಕಾನೂನು ಪಾಸಾಯಿತು.

ಕೋಡಿನೊಳಗೆ ಯಾವ ಕಂಪನಿಯನ್ನೂ ಹೆಸರಿಸಲಿಲ್ಲ. ಕಾನೂನು ಗೋಡೆ ಮೇಲಿನ ಬೆತ್ತದಂತೆ ಇತ್ತು, ಅದರ ಭಯಕ್ಕೇ ಒಪ್ಪಂದಗಳಾದವು. ವರ್ಷಕ್ಕೆ 20 ಕೋಟಿ ಡಾಲರಿಗೂ ಜಾಸ್ತಿ ದುಡ್ಡು ಪತ್ರಿಕೋದ್ಯಮಕ್ಕೆ ಬಂತು ಎಂದು ಸಿಮ್ಸ್ ಅಂದಾಜು ಮಾಡಿದರು. ಇದು ಸಣ್ಣ ಸಾಧನೆ ಅಲ್ಲ. ಹಳ್ಳಿಗಾಡಿನ ಪತ್ರಿಕೆಗಳ ಸಂಘ ಒಟ್ಟಾಗಿ ಹೋಗಿ ತನ್ನ ಪಾಲು ತಂದಿತು, ಅದನ್ನೂ ಹೇಳಬೇಕು. ಆದರೆ ಕೋಡಿನಡಿ ಪತ್ರಿಕೆಯ ನೋಂದಣಿಗೆ ವರ್ಷಕ್ಕೆ ಒಂದೂವರೆ ಲಕ್ಷ ಡಾಲರ್ ಆದಾಯ ಬೇಕು. ಗಂಡ ಹೆಂಡತಿ ಸೇರಿ ನಡೆಸುವ ವಾರಪತ್ರಿಕೆ ಅಷ್ಟು ಎಲ್ಲಿಂದ ತರಬೇಕು? ಹತ್ತಾರು ಭಾಷೆಗಳಲ್ಲಿ ಸುದ್ದಿ ಕೊಡುವ ಸರ್ಕಾರಿ ವಾಹಿನಿ ಎಸ್‌ಬಿಎಸ್‌ಗೇ ಫೇಸ್‌ಬುಕ್ ಒಪ್ಪಂದ ಸಿಗಲಿಲ್ಲ. ಇನ್ನು, ಮೊದಲೇ ಮುಚ್ಚಿಹೋದ ಪತ್ರಿಕೆಗೆ ಚೌಕಾಸಿ ಮಾಡುವವರು ಯಾರು?

2023ರ ಜುಲೈನಲ್ಲಿ ಅಳಿಯನ ಜೊತೆ ಬ್ರಿಸ್ಬೇನ್‌ನಿಂದ ಉತ್ತರಕ್ಕೆ ಕಾರಿನಲ್ಲಿ ಹೊರಟೆ. ಅಲ್ಲಿ ಆಗ ಚಳಿಗಾಲ, ಕಬ್ಬಿನ ಕಟಾವು. ಒಂದು ಊರಿನಲ್ಲಿ ಟೀ ಕುಡಿಯೋಕೆ ನಿಂತವರು ಸುಮ್ನೆ ಲೈಬ್ರರಿಗೆ ಹೊಕ್ಕೆವು. ಗೋಡೆಯುದ್ದಕ್ಕೂ ಊರಿನ ಪತ್ರಿಕೆಯ ಬೈಂಡ್ ಮಾಡಿದ ಸಂಪುಟಗಳು. ಹಸಿರು ರಟ್ಟು, ಬೆನ್ನಿನ ಮೇಲೆ ವರ್ಷ. ಕೊನೆಯದು ಮಿಕ್ಕವುಗಳ ಅರ್ಧದಷ್ಟೂ ದಪ್ಪ ಇರಲಿಲ್ಲ. 2020, ಜನವರಿಯಿಂದ ಜೂನ್.

ಸಂಬಳ ಇಲ್ಲದೆ ಬಂದು ಕೆಲಸ ಮಾಡುವ ಹಿರಿಯ ಹೆಂಗಸೊಬ್ಬರು ಅಲ್ಲಿದ್ದರು. ನಾನೂ ಪೇಪರಿನವನು ಅಂದದ್ದೇ ತಡ, ಮಾತಿಗೆ ಕೂತರು. "ಸುದ್ದಿಗೆ ಏನೂ ಕೊರತೆ ಇಲ್ಲ. ವಾಷಿಂಗ್ಟನ್ನಿನಲ್ಲಿ ಏನಾಯ್ತು ಅಂತ ನನಗೆ ಗೊತ್ತು. ನಮ್ಮ ಬೀದಿಯಲ್ಲಿ ಯಾರು ತೀರಿಕೊಂಡರು ಅಂತ ಗೊತ್ತಾಗಲ್ಲ" ಅಂದರು. ಅವರ ಜೊತೆ ಶಾಲೆಗೆ ಹೋದ ಗೆಳತಿ ಸತ್ತದ್ದು ಗೊತ್ತಾದಾಗ ಮಣ್ಣು ಮಾಡಿ ಒಂಬತ್ತು ದಿನ ಆಗಿತ್ತಂತೆ. ನಮ್ಮಲ್ಲೂ ಎಷ್ಟೋ ಮನೆಗಳಲ್ಲಿ ಪೇಪರ್ ಬಂದ ಕೂಡಲೇ ಹಿರಿಯರು ಮೊದಲು ತಿರುಗಿಸುವುದು ಶ್ರದ್ಧಾಂಜಲಿಯ ಪುಟವನ್ನೇ ಅಲ್ವಾ?

ಮೇಜಿನ ಮೇಲೆ ನಗರಸಭೆಯ ಸಭೆಯ ಕಾಗದಗಳಿದ್ದವು, ಒಂದು ಇಟ್ಟಿಗೆಯಷ್ಟು ದಪ್ಪ. ಯಾರೂ ಪುಟ ತಿರುಗಿಸಿದ ಗುರುತಿರಲಿಲ್ಲ. "ಮೊದಲು ಪೇಪರಿನ ಹುಡುಗಿ ಒಬ್ಬಳು ಬಂದು ಇದನ್ನೆಲ್ಲ ಓದುತ್ತಿದ್ದಳು" ಅಂದರು ಆಕೆ. ನಾನು ಮಧ್ಯದ ಒಂದು ಪುಟ ತೆಗೆದೆ. ಕುಡಿಯುವ ನೀರಿನ ಪೈಪ್ ಬದಲಿಸುವ ಗುತ್ತಿಗೆ, ಮೂಲ ಅಂದಾಜು, ಪರಿಷ್ಕೃತ ಅಂದಾಜು. ಹೊಸ ವರದಿಗಾರನಾಗಿದ್ದಾಗ ನನ್ನ ಸಂಪಾದಕರು ಇಂಥ ಪುಟ ಮುಂದಿಟ್ಟು, ಎರಡು ಅಂಕಿಯ ನಡುವಿನ ವ್ಯತ್ಯಾಸಕ್ಕೆ ಬೆರಳಿಟ್ಟು, "ಇಲ್ಲಿದೆ ನೋಡು ನಿನ್ನ ಸುದ್ದಿ" ಅಂತಿದ್ದರು.

ಇದು ಕಾಗದದ ಕಥೆ ಮಾತ್ರ ಅಲ್ಲ. 2018ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಿಂದ ಟೆನಂಟ್ ಕ್ರೀಕ್ ಕಡೆ ಹೋಗುವಾಗ, ಊರು ದಾಟಿದ ಮೇಲೆ ಕಾರಿನ ರೇಡಿಯೋ ಗೊರಗೊರ ಅಂದು ಸುಮ್ಮನಾಯಿತು. ಐನೂರು ಕಿಲೋಮೀಟರ್ ದಾರಿ. ಹಿಂದೆ ಅಲ್ಲಿ ಶಾರ್ಟ್‌ವೇವ್ ಸೆಟ್ ಇದ್ದವರಿಗೆ ಎಬಿಸಿ ಸಿಗುತ್ತಿತ್ತು. 2017ರ ಜನವರಿ 31ಕ್ಕೆ ಅದು ನಿಂತಿತು. ವರ್ಷಕ್ಕೆ 19 ಲಕ್ಷ ಡಾಲರ್ ಉಳಿತಾಯ ಎಂಬುದು ಕಾರಣ. ದನದ ದೊಡ್ಡಿಯವರು, ಲಾರಿ ಓಡಿಸುವವರು, ಮೀನುಗಾರರು ಬೇಡ ಬೇಡ ಅಂದರು. ಬೆಂಕಿ, ಚಂಡಮಾರುತದ ಎಚ್ಚರಿಕೆ ಕೊಡುವ ದೇಶದಲ್ಲಿ 19 ಲಕ್ಷ ಎಷ್ಟು ದೊಡ್ಡ ಮೊತ್ತ ಎಂದು ನಾನು ಆ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದೆ.

ಮುಂದಿನದು ಬೇಗ ಹೇಳಬಹುದು. 2024ರ ಮಾರ್ಚ್‌ನಲ್ಲಿ ಫೇಸ್‌ಬುಕ್ ನಡೆಸುವ ಕಂಪನಿ ಮೆಟಾ, ಈ ಒಪ್ಪಂದಗಳನ್ನು ಮುಂದುವರಿಸುವುದಿಲ್ಲ ಎಂದಿತು. ಕೆನಡಾ ಇಂಥದೇ ಕಾನೂನು ತಂದಾಗ 2023ರಲ್ಲಿ ಅಲ್ಲಿ ಸುದ್ದಿಯನ್ನೇ ತೆಗೆದ ಕಂಪನಿ ಅದು, ಹಾಗಾಗಿ ಬೆತ್ತದ ಭಯ ಉಳಿದಿರಲಿಲ್ಲ. 2024ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾ ಸರ್ಕಾರ ಇನ್ನೊಂದು ದಾರಿ ಘೋಷಿಸಿತು. ಆಸ್ಟ್ರೇಲಿಯಾದಲ್ಲಿ 25 ಕೋಟಿ ಡಾಲರಿಗಿಂತ ಜಾಸ್ತಿ ಆದಾಯ ಇರುವ ಸರ್ಚ್ ಮತ್ತು ಸೋಷಿಯಲ್ ಮೀಡಿಯಾ ಕಂಪನಿಗಳು ಶುಲ್ಕ ಕಟ್ಟಬೇಕು, ಪತ್ರಿಕೆಗಳ ಜೊತೆ ಒಪ್ಪಂದ ಮಾಡಿಕೊಂಡರೆ ಅದು ವಜಾ. ನಮ್ಮ ದೇಶದಲ್ಲೂ ಸ್ಪರ್ಧಾ ಆಯೋಗ 2022ರ ಜನವರಿಯಲ್ಲಿ, ಡಿಜಿಟಲ್ ಪ್ರಕಾಶಕರ ಸಂಘದ ದೂರಿನ ಮೇಲೆ ಗೂಗಲ್ ಬಗ್ಗೆ ತನಿಖೆಗೆ ಆದೇಶಿಸಿದೆ. ಇಲ್ಲಿ ಆ ಮಾತುಕತೆಗೆ ಕೂರುವವರು ಆಸ್ಟ್ರೇಲಿಯಾದ ಕಾನೂನು ಮಾತ್ರ ಓದಿದರೆ ಸಾಲದು, ಆ ಲೈಬ್ರರಿಗೂ ಹೋಗಿ ಬರಲಿ ಎಂದು ನನ್ನ ಆಸೆ.

ಆ ದೇಶದ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್ ಎಂಬ ತಾಣದಲ್ಲಿ ಹಳೇ ಪತ್ರಿಕೆಗಳನ್ನು ಯಾರು ಬೇಕಾದರೂ ಪುಕ್ಕಟೆ ಓದಬಹುದು. ಅಕ್ಷರ ತಪ್ಪಿದ್ದರೆ ಓದುಗರೇ ತಿದ್ದುತ್ತಾರೆ. ಆದರೆ ಹಕ್ಕುಸ್ವಾಮ್ಯದ ಕಾರಣಕ್ಕೆ ಹೆಚ್ಚಿನವು 1954ಕ್ಕೆ ನಿಲ್ಲುತ್ತವೆ. ಅಂದರೆ ಇಂಥ ಊರಿನಲ್ಲಿ ಅಜ್ಜನ ಕಾಲದ ದನದ ಹರಾಜು ಹುಡುಕಿದರೆ ಸಿಗುತ್ತದೆ, ಕಳೆದ ತಿಂಗಳ ನಗರಸಭೆಯ ಸಭೆ ಸಿಗುವುದಿಲ್ಲ.

ನಾವು ಹೊರಡುವ ಹೊತ್ತಿಗೆ ಆಕೆ ಬಾಗಿಲ ಪಕ್ಕದ ಬೋರ್ಡಿನ ಮುಂದೆ ನಿಂತಿದ್ದರು. ಒಂದು ಹಾಳೆಯಲ್ಲಿ ಮುದುಕರೊಬ್ಬರ ಫೋಟೋ, ಹೆಸರು, ಚರ್ಚಿನ ಸಮಯ. ಪಿನ್ ಚುಚ್ಚಿದ್ದ ಮೂಲೆಗಳು ಮುದುರಿದ್ದವು. ಶವಸಂಸ್ಕಾರ ಹಿಂದಿನ ದಿನ ಮುಗಿದಿತ್ತು. ಅದನ್ನು ತೆಗೆದು ಇನ್ನೊಂದು ಹಾಳೆ ಚುಚ್ಚಿದರು. ತೆಗೆದದ್ದನ್ನು ಎಸೆಯಲಿಲ್ಲ. ಹಿಂಬದಿಯಲ್ಲಿ ಪೆನ್ಸಿಲಿನಿಂದ ದಿನಾಂಕ ಬರೆದರು, ತೂತು ಹೊಡೆದು ಒಂದು ಫೈಲಿಗೆ ಹಾಕಿದರು. ಆ ಫೈಲನ್ನು ಹಸಿರು ಸಂಪುಟಗಳ ಸಾಲಿನಲ್ಲೇ, ಕೊನೆಯ ತೆಳು ಸಂಪುಟದ ಪಕ್ಕ ಇಟ್ಟಿದ್ದರು. ಅದರ ಬೆನ್ನಿನ ಮೇಲೆ ಕೈಬರಹದಲ್ಲಿತ್ತು: 2020, ಜುಲೈಯಿಂದ.