ಥ್ರೆಡ್-ಸೇಫ್: ಲೈಬ್ರರಿ ಕೊಡುವ ಮಾತು ಎಲ್ಲಿಯವರೆಗೆ?

ಶಿರಸಿಯಲ್ಲಿ ಅಡಿಕೆ ಕೊಳ್ಳುವ ಒಂದು ಸಂಘ ಇದೆ ಅಂದುಕೊಳ್ಳಿ. ಎರಡು ಕಡೆ ಚಾಲಿ ತೂಕ ನಡೀತಾ ಇದೆ, ಲೆಕ್ಕ ಮಾತ್ರ ಒಂದೇ ಸರ್ವರ್‌ಗೆ ಹೋಗುತ್ತದೆ. ಅಲ್ಲಿ 'ಇವತ್ತಿನ ಒಟ್ಟು' ಅನ್ನುವ ವೇರಿಯಬಲ್‌ನಲ್ಲಿ ಈಗ 1000 ಕಿಲೋ ಇದೆ. ಒಂದು ಕಡೆಯಿಂದ 40, ಇನ್ನೊಂದು ಕಡೆಯಿಂದ 60 ಒಟ್ಟಿಗೇ ಬಂತು. 1100 ಆಗಬೇಕು, ಅಲ್ವಾ? ಯಾವಾಗಲೋ ಒಮ್ಮೆ 1060 ಆಗಿರುತ್ತದೆ, ಇಲ್ಲವೇ 1040.

ನಮಗೆ 'ಕೂಡಿಸು' ಒಂದೇ ಕೆಲಸ. ಕಂಪ್ಯೂಟರಿಗೆ ಅದು ಮೂರು: ಹಳೆಯದನ್ನು ಓದು, ಕೂಡಿಸು, ಬರೆ. ಸರ್ವರ್ ಒಳಗೆ ಏಕಕಾಲಕ್ಕೆ ಓಡುವ ಕೆಲಸದ ಎಳೆಗಳೇ ಥ್ರೆಡ್‌ಗಳು. ಎರಡು ಥ್ರೆಡ್‌ಗಳೂ 1000 ಎಂದೇ ಓದಿದವು. ಒಂದು 1040 ಬರೆಯಿತು, ಇನ್ನೊಂದು ಅದರ ಮೇಲೇ 1060 ಬರೆಯಿತು. 40 ಕಿಲೋ ಮಾಯ. ಇದಕ್ಕೆ ರೇಸ್ ಕಂಡೀಶನ್ ಅನ್ನುತ್ತಾರೆ. ಟೆಸ್ಟ್ ಮಾಡುವಾಗ ಇದು ಸುಮ್ನೆ ಕೂತಿರುತ್ತದೆ, ಸುಗ್ಗಿಯ ಗದ್ದಲದಲ್ಲಿ ಎದ್ದು ಬರುತ್ತದೆ. ಎಷ್ಟು ಥ್ರೆಡ್‌ಗಳು ಒಟ್ಟಿಗೆ ಕರೆದರೂ ಲೆಕ್ಕ ಕೆಡದಂಥ ಕೋಡ್ ಥ್ರೆಡ್-ಸೇಫ್.

ಎಲ್ಲರಿಗೂ ಮೊದಲು ಹೊಳೆಯುವ ಮದ್ದು ಲಾಕ್: ಒಂದು ಥ್ರೆಡ್ ಮುಗಿಸುವವರೆಗೆ ಇನ್ನೊಂದನ್ನು ತಡೆದು ನಿಲ್ಲಿಸುವ ಬೀಗ. ಕಾರವಾರದಿಂದ ಭಟ್ಕಳಕ್ಕೆ ರೈಲಿನಲ್ಲಿ ಹೋದವರಿಗೆ ಕ್ರಾಸಿಂಗ್ ಗೊತ್ತು. ಕೊಂಕಣ ರೈಲ್ವೆಯ ಹಳಿ ಇಲ್ಲಿ ಒಂದೇ. ಎದುರಿನ ಗಾಡಿ ದಾಟುವವರೆಗೆ ನಮ್ಮದು ಸ್ಟೇಶನ್ನಿನಲ್ಲೇ ನಿಲ್ಲಬೇಕು. ಲಾಕ್ ಇರುವಲ್ಲೂ ಹಾಗೆಯೇ: ಡಿಕ್ಕಿ ಆಗುವುದಿಲ್ಲ, ಆದರೆ ಕಾಯುವುದು ತಪ್ಪುವುದಿಲ್ಲ. ಹಾಗಂತ ಕಂಡಕಂಡಲ್ಲಿ ಲಾಕ್ ಜಡಿದರೆ ಪ್ರೋಗ್ರಾಂ ತೆವಳುತ್ತದೆ. ಜಾವಾ ಭಾಷೆಯಲ್ಲಿ ಅಕ್ಷರಗಳನ್ನು ಜೋಡಿಸಿಕೊಡುವ ಹಳೆಯ ಸ್ಟ್ರಿಂಗ್‌ಬಫರ್ ಪ್ರತಿ ಕರೆಗೂ, ಅಂದರೆ ಅದಕ್ಕೆ ಕೆಲಸ ಹೇಳಿದಾಗಲೆಲ್ಲ, ಲಾಕ್ ಹಿಡಿಯುತ್ತಿತ್ತು. ಬಹುತೇಕ ಕಡೆ ಅದನ್ನು ಬಳಸುವುದು ಒಂದೇ ಥ್ರೆಡ್, ಲಾಕ್ ಬೇಕಾಗಿಯೇ ಇರಲಿಲ್ಲ. ಕೊನೆಗೆ 2004ರಲ್ಲಿ ಜಾವಾ 5 ಬಂದಾಗ ಲಾಕ್ ಇಲ್ಲದ ಸ್ಟ್ರಿಂಗ್‌ಬಿಲ್ಡರ್ ಕೊಟ್ಟರು.

ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, ಅಂದರೆ ಲೈಬ್ರರಿ, ಬಳಸುವಾಗ ನನಗೆ ಹೆಚ್ಚು ಭಯ ಒಳಗೆ ಬಚ್ಚಿಟ್ಟ ನೆನಪಿನದ್ದು. ಜಾವಾದ ಸಿಂಪಲ್‌ಡೇಟ್‌ಫಾರ್ಮ್ಯಾಟ್ ನೋಡಿ. ಹೆಸರೇ 'ಸಿಂಪಲ್'! ತಾರೀಕು ಓದಿಕೊಡುವ ಸಾಧು ವಸ್ತು ಅನಿಸುತ್ತದೆ. ಆದರೆ ಅದರ ಹೊಟ್ಟೆಯೊಳಗೆ ಒಂದು ಕ್ಯಾಲೆಂಡರ್ ಇದೆ, ಓದುವಾಗಲೆಲ್ಲ ಅದನ್ನೇ ಅಳಿಸಿ ತಿದ್ದುತ್ತದೆ. ಒಂದೇ ಆಬ್ಜೆಕ್ಟನ್ನು ಎರಡು ಥ್ರೆಡ್ ಹಂಚಿಕೊಂಡರೆ ಒಬ್ಬರ ಬಿಲ್ಲಿನ ತಾರೀಕು ಇನ್ನೊಬ್ಬರ ಬಿಲ್ಲಿಗೆ ಬೀಳಬಹುದು. ಎರರ್ ಬಂದರೆ ಪುಣ್ಯ, ಬಾರದೆ ಹೋದರೆ ತಪ್ಪು ತಾರೀಕೇ ಪ್ರಿಂಟ್ ಆಗುತ್ತದೆ. 2014ರ ಜಾವಾ 8ರಲ್ಲಿ ಬಂದ ಡೇಟ್‌ಟೈಮ್‌ಫಾರ್ಮ್ಯಾಟರ್‌ಗೆ ಈ ಕಾಯಿಲೆ ಇಲ್ಲ. ಒಮ್ಮೆ ಹುಟ್ಟಿದ ಮೇಲೆ ಅದು ಬದಲಾಗುವುದೇ ಇಲ್ಲ, ಹಾಗಾಗಿ ಎಷ್ಟು ಜನ ಬೇಕಾದರೂ ಹಂಚಿಕೊಳ್ಳಬಹುದು. ನನ್ನ ಕೇಳಿದರೆ ಲಾಕ್‌ಗಿಂತ ಇದೇ ವಾಸಿ.

ಇನ್ನು, ಡಾಕ್ಯುಮೆಂಟೇಶನ್‌ನಲ್ಲಿ 'ಥ್ರೆಡ್-ಸೇಫ್' ಎಂದು ಬರೆದಿದ್ದರೆ ಮುಗೀತಾ? ಇಲ್ಲ. ಆ ಮಾತು ಸಾಮಾನ್ಯವಾಗಿ ಒಂದೊಂದು ಕರೆಗೆ ಮಾತ್ರ. ಹೆಸರು ಕೊಟ್ಟರೆ ಅದರ ಮಾಹಿತಿ ಹುಡುಕಿಕೊಡುವ ಪಟ್ಟಿ ಜಾವಾದ ಕನ್ಕರೆಂಟ್‌ಹ್ಯಾಶ್‌ಮ್ಯಾಪ್. ಅದು ಥ್ರೆಡ್-ಸೇಫ್ ಹೌದು. ಆದರೂ 'ಈ ರೈತರ ಖಾತೆ ಇದೆಯಾ?' ಎಂದು ಒಂದು ಕರೆಯಲ್ಲಿ ಕೇಳಿ, 'ಇಲ್ಲ' ಎಂದರೆ ಮುಂದಿನ ಕರೆಯಲ್ಲಿ ಹೊಸದು ಸೇರಿಸುವ ಕೋಡ್ ಬರೆದರೆ, ನಡುವಿನ ಸಂದಿಯಲ್ಲಿ ಇನ್ನೊಂದು ಥ್ರೆಡ್ ಅದೇ ಖಾತೆ ತೆರೆದಿರಬಹುದು. ಅದರ ಖಾತೆಯ ಮೇಲೆ ನಮ್ಮದು ಕೂರುತ್ತದೆ. ಎರಡೂ ಕರೆ ಸರಿ, ಜೋಡಣೆ ತಪ್ಪು. ಕೇಳುವುದನ್ನೂ ಸೇರಿಸುವುದನ್ನೂ ಒಂದೇ ಏಟಿಗೆ ಮುಗಿಸಲು ಅದರಲ್ಲೇ 'ಕಂಪ್ಯೂಟ್‌ಇಫ್‌ಆಬ್ಸೆಂಟ್' ಇದೆ. ಅದನ್ನು ಬಳಸಬೇಕಾದವರು ನಾವು.

ಲೈಬ್ರರಿ ಬರೆಯುವವರಾದರೆ ಎಲ್ಲ ಥ್ರೆಡ್‌ಗಳ ಕೈಗೂ ಸಿಗುವ ಗ್ಲೋಬಲ್ ವೇರಿಯಬಲ್‌ನಲ್ಲಿ ಏನನ್ನೂ ನೆನಪಿಟ್ಟುಕೊಳ್ಳಬೇಡಿ. ಒಂದು ಸಾಲನ್ನು ತುಂಡುತುಂಡಾಗಿ ಬಿಡಿಸಿಕೊಡುವ ಸಿ ಭಾಷೆಯ 'ಸ್ಟ್ರ್‌ಟಾಕ್' ತಾನು ಎಲ್ಲಿಯವರೆಗೆ ಓದಿದೆ ಎಂದು ಒಳಗೇ ಗುರುತು ಇಟ್ಟುಕೊಳ್ಳುತ್ತದೆ. ಆಮೇಲೆ ಬಂದ 'ಸ್ಟ್ರ್‌ಟಾಕ್_ಆರ್' ಆ ಗುರುತನ್ನು ಕರೆದವರ ಕೈಗೇ ಕೊಟ್ಟಿತು. ಯಾವುದನ್ನು ಹಂಚಿಕೊಳ್ಳಬಹುದು, ಯಾವುದನ್ನು ಥ್ರೆಡ್‌ಗೊಂದರಂತೆ ಇಟ್ಟುಕೊಳ್ಳಬೇಕು ಎಂಬುದನ್ನೂ ಬರೆದಿಡಿ. ಮಾಹಿತಿ ಕೂಡಿಡುವ ಡೇಟಾಬೇಸ್ ಲೈಬ್ರರಿ ಎಸ್‌ಕ್ಯೂಲೈಟ್ ಇದರಲ್ಲಿ ಅಚ್ಚುಕಟ್ಟು: ತನಗೆ ಮೂರು ಥ್ರೆಡಿಂಗ್ ಮೋಡ್‌ಗಳಿವೆ, ಯಾವುದರಲ್ಲಿ ಏನು ಮಾಡಬಹುದು ಎಂದು ಬಿಡಿಸಿ ಹೇಳಿದೆ.

ಇಂಥ ರೇಸ್ ಹುಡುಕಿಕೊಡುವ ಸಾಧನಗಳೂ ಇವೆ: ಗೋ ಭಾಷೆಯಲ್ಲಿ ರೇಸ್ ಡಿಟೆಕ್ಟರ್ ಇದೆ, ಸಿ ಮತ್ತು ಸಿ ಪ್ಲಸ್ ಪ್ಲಸ್‌ಗೆ ಥ್ರೆಡ್ ಸ್ಯಾನಿಟೈಜರ್ ಇದೆ. ಆದರೆ ಟೆಸ್ಟಿನಲ್ಲಿ ನಿಜವಾಗಿ ಓಡಿದ ಕೋಡಿನ ರೇಸ್ ಮಾತ್ರ ಇವಕ್ಕೆ ಸಿಗುತ್ತದೆ. ಹಾಗಾಗಿ ಟೆಸ್ಟ್ ಬರೆಯುವಾಗ ಒಂದೇ ಥ್ರೆಡ್ ಬಿಟ್ಟು ನೋಡಬೇಡಿ, ಹತ್ತಿಪ್ಪತ್ತು ಬಿಡಿ.