ಮಮ್ಮಿಯ ಚರ್ಮದ ಚೂರು ಕೇಳಿದ ಇತಿಹಾಸಕಾರ

ಈಜಿಪ್ಟ್ ಇರುವುದು ಆಫ್ರಿಕಾದಲ್ಲೇ ಅಲ್ವಾ? ಆದರೂ ಯುರೋಪಿನ ಬಹಳಷ್ಟು ವಿದ್ವಾಂಸರು ಅದನ್ನು ಆ ಖಂಡದಿಂದ ಬೇರೆಯಾಗಿಯೇ ಇಟ್ಟು ನೋಡಿದರು. ಆಫ್ರಿಕಾಕ್ಕೆ ಇತಿಹಾಸವೇ ಇಲ್ಲ ಎಂದು 19ನೇ ಶತಮಾನದಲ್ಲಿ ಪಾಠ ಮಾಡಿದ ಜರ್ಮನಿಯ ತತ್ವಜ್ಞಾನಿ ಹೆಗೆಲ್, ಈಜಿಪ್ಟನ್ನು ಆ ಲೆಕ್ಕದಿಂದ ಮೊದಲೇ ಹೊರಗಿಟ್ಟಿದ್ದ. ಈ ಮಾತಿಗೆ ಜೀವನಪೂರ್ತಿ ಉತ್ತರ ಹುಡುಕಿದವರು ಸೆನೆಗಲ್‌ನ ಶೇಖ್ ಆಂತಾ ದಿಯೋಪ್.

ಹುಟ್ಟಿದ್ದು 1923ರಲ್ಲಿ. ಆಗ ಸೆನೆಗಲ್ ಫ್ರಾನ್ಸಿನ ವಸಾಹತು. 1946ರಲ್ಲಿ ಪ್ಯಾರಿಸ್ಸಿಗೆ ಹೋದ ದಿಯೋಪ್ ಇತಿಹಾಸ, ಭಾಷಾಶಾಸ್ತ್ರ, ಭೌತಶಾಸ್ತ್ರ ಎಲ್ಲವನ್ನೂ ಓದಿದರು. ಪ್ರಾಚೀನ ಈಜಿಪ್ಟಿನ ಜನ ಕಪ್ಪು ಆಫ್ರಿಕನ್ನರು ಎಂದು ವಾದಿಸುವ ಅವರ ಪುಸ್ತಕ 1954ರಲ್ಲಿ ಬಂತು. ಗ್ರೀಕರ ಇತಿಹಾಸಕಾರ ಹೆರೊಡೊಟಸ್ ಬರೆದಿಟ್ಟ ವರ್ಣನೆ, ತಮ್ಮ ತಾಯ್ನುಡಿ ವೊಲೊಫ್‌ಗೂ ಪ್ರಾಚೀನ ಈಜಿಪ್ಟಿನ ಭಾಷೆಗೂ ಕಂಡ ಹೋಲಿಕೆ, ಹೀಗೆ ಸಿಕ್ಕ ಸಾಕ್ಷಿಯನ್ನೆಲ್ಲ ಅದರಲ್ಲಿ ಒಟ್ಟುಮಾಡಿದ್ದರು. ಡಾಕ್ಟರೇಟ್ ಸಿಗಲು ಮಾತ್ರ 1960ರವರೆಗೆ ಕಾಯಬೇಕಾಯಿತು.

ಅದೇ ವರ್ಷ ದೇಶಕ್ಕೆ ಸ್ವಾತಂತ್ರ್ಯ ಬಂತು. ರಾಜಧಾನಿ ಡಕಾರ್‌ಗೆ ಮರಳಿದ ದಿಯೋಪ್ ಕಟ್ಟಿದ್ದು ಒಂದು ಕಾರ್ಬನ್-14 ಪ್ರಯೋಗಾಲಯ. ನನಗೆ ಅವರು ಜಾಸ್ತಿ ಇಷ್ಟವಾಗುವುದು ಇಲ್ಲೇ. ಅಗೆದಾಗ ಸಿಕ್ಕ ಇದ್ದಿಲಿನಲ್ಲಿ, ಕಾಲ ಕಳೆದಂತೆ ಕಡಿಮೆಯಾಗುತ್ತಾ ಹೋಗುವ ಕಾರ್ಬನ್-14 ಎಷ್ಟು ಉಳಿದಿದೆ ಎಂದು ಅಳೆದರೆ ಅದರ ವಯಸ್ಸು ಗೊತ್ತಾಗುತ್ತದೆ. ಪಶ್ಚಿಮ ಆಫ್ರಿಕಾದ ನೆಲದ ಕಾಲವನ್ನು ಅಲ್ಲೇ ಲೆಕ್ಕಹಾಕಲು ಸಾಧ್ಯವಾಯಿತು. ಆದರೆ ಅಧ್ಯಕ್ಷ ಸೆಂಗೋರ್ ಅವರನ್ನು ರಾಜಕೀಯವಾಗಿ ಎದುರು ಹಾಕಿಕೊಂಡಿದ್ದರಿಂದ ದಿಯೋಪ್ 1962ರಲ್ಲಿ ಜೈಲಿಗೂ ಹೋದರು. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಪಾಠ ಮಾಡುವ ಅವಕಾಶ ಸಿಕ್ಕಿದ್ದು 1981ರಲ್ಲಿ, ಸೆಂಗೋರ್ ಅಧಿಕಾರ ಬಿಟ್ಟ ಮೇಲೆ.

ನಮಗೂ ಇಲ್ಲೊಂದು ನಂಟಿದೆ. 1970ರ ದಶಕದ ಡಕಾರ್‌ನಲ್ಲಿ ದ್ರಾವಿಡ ಮತ್ತು ಆಫ್ರಿಕನ್ ಭಾಷೆಗಳನ್ನು ಹೋಲಿಸುವ ಕೆಲಸದಲ್ಲಿ ಯು.ಪಿ. ಉಪಾಧ್ಯಾಯರು ತೊಡಗಿದ್ದರು. ಮುಂದೆ ಉಡುಪಿಯಲ್ಲಿ ತುಳು ನಿಘಂಟು ಸಂಪಾದಿಸಿದವರು ಅವರೇ.

ಮಮ್ಮಿಗಳ ಚರ್ಮದಲ್ಲಿ ಮೆಲನಿನ್, ಅಂದರೆ ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ವಸ್ತು, ಎಷ್ಟಿದೆ ಎಂದು ದಿಯೋಪ್ ಪರೀಕ್ಷಿಸಿದರು. ಅದಕ್ಕೆ ಪ್ಯಾರಿಸ್ಸಿನ ಸಂಗ್ರಹಾಲಯದ ಮಾದರಿಗಳನ್ನು ಬಳಸಿದರು. ಕೈರೋ ವಸ್ತುಸಂಗ್ರಹಾಲಯದಲ್ಲೂ ಬೇಡಿಕೊಂಡರು. ಬೇಕಿದ್ದದ್ದು ಕೆಲವೇ ಚದರ ಮಿಲಿಮೀಟರ್ ಚರ್ಮ. ಅದೂ ಸಿಗಲಿಲ್ಲ.

1974ರಲ್ಲಿ ಯುನೆಸ್ಕೋ ಪ್ರಾಚೀನ ಈಜಿಪ್ಟಿನ ಜನ ಯಾರು ಎಂಬ ಪ್ರಶ್ನೆ ಚರ್ಚಿಸಲು ಕೈರೋದಲ್ಲೇ ವಿದ್ವಾಂಸರನ್ನು ಸೇರಿಸಿತು. ದಿಯೋಪ್ ಜೊತೆ ಕಾಂಗೋದ ಥಿಯೋಫಿಲ್ ಒಬೆಂಗಾ ಇದ್ದರು. ಹೆಚ್ಚಿನವರು ಇವರ ತೀರ್ಮಾನ ಒಪ್ಪಲಿಲ್ಲ. ಆದರೆ ಇವರಿಬ್ಬರಷ್ಟು ತಯಾರಿ ಮಾಡಿಕೊಂಡು ಬೇರೆಯವರೆಲ್ಲ ಬಂದಿರಲಿಲ್ಲ ಎಂದು ಸಭೆಯ ವರದಿಯೇ ಬರೆಯಿತು.

ದಿಯೋಪ್ ವಾದದಲ್ಲಿ ಕೊರತೆ ಇಲ್ಲದಿಲ್ಲ. ಸಾವಿರಾರು ವರ್ಷ ಜನ ಬಂದು ಬೆರೆತ ನೈಲ್ ಕಣಿವೆಯನ್ನು ಒಂದೇ ಬಣ್ಣದ ಹೆಸರಿನಲ್ಲಿ ಹಿಡಿಯಲು ಹೋದರು. ಆದರೆ ಆ ಬಣ್ಣದ ಲೆಕ್ಕವನ್ನು ಶುರು ಮಾಡಿದವರು ಯುರೋಪಿನವರು. ಅವರದೇ ಅಳತೆಗೋಲು ಹಿಡಿದು ದಿಯೋಪ್ ಉತ್ತರ ಕೊಟ್ಟರು.

1986ರಲ್ಲಿ ದಿಯೋಪ್ ತೀರಿಕೊಂಡರು. ಮರುವರ್ಷ ಡಕಾರ್ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿಟ್ಟರು. ಈಗ ಮಮ್ಮಿಗಳ ಡಿಎನ್ಎಯನ್ನೇ ಓದುತ್ತಾರೆ. 2017ರ ಒಂದು ಅಧ್ಯಯನ ತಾನು ಪರೀಕ್ಷಿಸಿದ ಮಮ್ಮಿಗಳನ್ನು ಪಶ್ಚಿಮ ಏಷ್ಯಾದ ಪ್ರಾಚೀನ ಜನರಿಗೆ ಹತ್ತಿರ ಎಂದಿತು. ಮಾದರಿಗಳೆಲ್ಲ ಉತ್ತರದ ಕಡೆಯ ಒಂದೇ ಊರಿನವು, ಅಬುಸಿರ್ ಎಲ್-ಮೆಲೆಕ್‌ನವು. ಇಡೀ ಈಜಿಪ್ಟಿಗೆ ಅದನ್ನು ಅನ್ವಯಿಸಲಾಗದು ಎಂದು ಆ ಸಂಶೋಧಕರೇ ಎಚ್ಚರಿಸಿದ್ದಾರೆ. ಈಗಿನ ಸುಡಾನ್ ಕಡೆಯ ನುಬಿಯಾಕ್ಕೆ ಅಂಟಿಕೊಂಡ ದಕ್ಷಿಣದ ಮಾದರಿಗಳು ಇನ್ನೂ ಜಾಸ್ತಿ ಬೇಕು.